ಮಾಳಿಗೆ ಮೇಲಿನ ಪಾವಣ್ಯಾ

ಅವನು ನಿವೃತ್ತನಾದ ಸುದ್ದಿಯನ್ನು ನನಗೆ ಮೊದಲು ಹೇಳಿದವನು ಮಿರಜಿನ ನಮ್ಮ ಗಲ್ಲಿಯ ಕ್ಷೌರಿಕ ಬಾಬು. ನನ್ನ ಅರ್ಧ ಗಡ್ಡ ಬೋಳಿಸಿ, ಇನ್ನರ್ಧಕ್ಕೆ ನೊರೆ ಹಚ್ಚಿ ಬಿಟ್ಟು, ಮೊಬೈಲು ತೆಗೆದು ಮುಖದ ಮುಂದೆ ಹಿಡಿದ.

"ನಮ್ಮ ಪಾವಣ್ಯಾ ರಿಟೈರ ಆದ ನೋಡ್ರಿ. ಇನ್ನ ರಾಕೆಟ್ಟು ಇಲ್ಲಂತ."

ಫೋಟೋದಲ್ಲಿ ನೀಲಿ ಉಡುಪಿನ ಫ್ರೆಂಚ್ ಮನುಷ್ಯನೊಬ್ಬ ಕೈ ಬೀಸುತ್ತಿದ್ದ. ಕಿವಿಯ ಸುತ್ತ ಕೂದಲು ಬೆಳ್ಳಗಾಗಿತ್ತು. ಬಾಬು ಆ ಕೂದಲನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿ, "ಕಟಿಂಗ್ ಬರೋಬರಿ ಮಾಡಿಲ್ಲ" ಎಂದು ಮೊಬೈಲನ್ನು ಕಿಸೆಗೆ ಹಾಕಿದ.

ನಾನು ಮನೆಗೆ ಬಂದು ಚಂಪಾ ಮಾವಶಿಗೆ ಹೇಳಿದೆ. ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಎಂಬತ್ತು ದಾಟಿದ್ದಾಳೆ. "ಇಷ್ಟ ಲಗೂ ಯಾಕ ತಗದ್ರು? ಏನರೆ ತಪ್ಪ ಮಾಡಿದ್ನೇನ?" ಎಂದು ಕೇಳಿದಳು. ಅವನಿಗೂ ವಯಸ್ಸಾಯಿತು ಎಂದರೆ ನಂಬಲಿಲ್ಲ. ಫೋನು ಹಚ್ಚಿಕೊಡು ಎಂದಳು. ವಿಡಿಯೋ ಕಾಲ್ ಹಚ್ಚಿಕೊಟ್ಟೆ. ಅವನು ತನ್ನ ಊರಿನ ಯಾವುದೋ ತೋಟದಲ್ಲಿ ನಿಂತಿದ್ದ.

"ಇನ್ನ ಮ್ಯಾಲ ಹೋಗಂಗಿಲ್ಲೇನಪಾ?" ಮಾವಶಿ ಕೇಳಿದಳು.

"ಇಲ್ಲ ಮಾವಶಿ," ಎಂದ ಅವನು, ಎಂದಿನಂತೆ ಹಕಾರ ನುಂಗುತ್ತಾ. "ಇನ್ನ ಓದ್ರ ಎಲ್ಲಾರೂ ಓಗೂ ಅಂಗ ಓಗೂದ."

ಮಾವಶಿ ಬಿದ್ದು ಬಿದ್ದು ನಕ್ಕಳು. ಫ್ರಾನ್ಸಿನಲ್ಲಿ ಹುಟ್ಟಿ, ಇಂಜಿನಿಯರ್ ಆಗಿ, ಅಂತರಿಕ್ಷಕ್ಕೆ ಹೋಗಿ ಬಂದ ಮನುಷ್ಯನಿಗೆ ಕನ್ನಡದ ಈ 'ಮೇಲೆ ಹೋಗುವುದು' ಹೇಗೆ ತಿಳಿಯಿತು ಎಂದು ಹೇಳಬೇಕಾದರೆ ನಾನು ಹಿಂದಕ್ಕೆ ಹೋಗಬೇಕು.

ಅವನು ಮೊದಲು ನಮ್ಮಲ್ಲಿಗೆ ಬಂದದ್ದು ಪಂಪುಗಳ ಜೊತೆ. ಮ್ಹೈಸಾಳದ ಹತ್ತಿರ ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ, ಅಲ್ಲಿಂದ ಮತ್ತೆ ಎತ್ತಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಪೂರ್ವದ ಜತ್ತ ಕಡೆಯ, ನೀರು ಕಾಣದ ಏರುಭೂಮಿಗೆ ಮುಟ್ಟಿಸುತ್ತಾರೆ. ಆ ಕೆಲಸದ ಒಬ್ಬ ಸಣ್ಣ ಗುತ್ತಿಗೆದಾರರ ಹತ್ತಿರ ನಾನು ಜೂನಿಯರ್ ಇಂಜಿನಿಯರ್. ಅವರು ಫ್ರಾನ್ಸಿನಿಂದ ಕೆಲವು ಪಂಪು ತರಿಸಿದಾಗ ಅವುಗಳನ್ನು ಕೂರಿಸಿಕೊಡಲು ಬಂದವನು ಇವನು. ಹೊಟೇಲಿನಲ್ಲಿ ಇರಲಾರೆ, ಮನೆಯಲ್ಲಿ ಇರಬೇಕು ಎಂದ. ಮಾವಶಿಯ ಮಾಳಿಗೆಯ ಮೇಲಿನ ಖೋಲಿ ಖಾಲಿ ಇತ್ತು. ನಾನು ಕೆಳಗೆ ಇರುತ್ತಿದ್ದೆ. ಹೀಗೆ ಅವನು ನಮ್ಮ ಮನೆಯವನಾದ.

ಅವನ ಹೆಸರಿನಲ್ಲಿ ಗಂಟಲಿನಿಂದ ಹೊರಡುವ ಒಂದು ಅಕ್ಷರ, ಮೂಗಿನಿಂದ ಹೊರಡುವ ಇನ್ನೊಂದು ಅಕ್ಷರ ಇದ್ದವು. ಮಾವಶಿ ಎರಡು ಸಲ ಪ್ರಯತ್ನಿಸಿ, ಎರಡೂ ಸಲ ಕೆಮ್ಮಿ, ಬಿಟ್ಟುಬಿಟ್ಟಳು. ಮನೆಗೆ ಬಂದ ನೆಂಟರನ್ನು ನಮ್ಮ ಕಡೆ ಪಾವಣೇರು ಎನ್ನುತ್ತಾರೆ. ಮೊದಲ ವಾರ ಅವನು ಪಾವಣೇರು. ಸಲಿಗೆ ಬೆಳೆದ ಮೇಲೆ ಪಾವಣ್ಯಾ. ಗಲ್ಲಿಯವರೆಲ್ಲರಿಗೂ ಅದೇ ಹೆಸರಾಯಿತು.

ಭಾಷೆ ಕಲಿಯುವ ಹುಚ್ಚು ಬಹಳ. ಮಾವಶಿ ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಾಳೆ. ಅವನು ಅದೆಲ್ಲ ಒಂದೇ ಭಾಷೆ ಎಂದುಕೊಂಡು ಕಲಿತ. ಅದು ಎರಡು ಎಂದು ತಿಳಿದಾಗ ಯಾರೋ ಮೋಸ ಮಾಡಿದರು ಎನ್ನುವಂತೆ ಒಂದು ದಿನ ಮುಖ ಬಾಡಿಸಿಕೊಂಡಿದ್ದ. ತೊಂದರೆ ಇದ್ದದ್ದು ಹಕಾರದಲ್ಲಿ. ಅವನ ಬಾಯಲ್ಲಿ ಅದು ಹುಟ್ಟುತ್ತಲೇ ಇರಲಿಲ್ಲ. ಬಂದ ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಮುಗಿದು, "ಮಾವಶಿ, ಆಲು ಬೇಕ್ರಿ" ಎಂದ. ನಮ್ಮದು ಜೈನರ ಮನೆ. ಮಾವಶಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಯಾವುದನ್ನೂ ಹೊಸ್ತಿಲ ಒಳಗೆ ಬಿಡುವುದಿಲ್ಲ.

"ಆಲೂ ನಮ್ಮ ಮನ್ಯಾಗ ನಡ್ಯಂಗಿಲ್ರಿ ಪಾವಣೇರ," ಎಂದಳು.

ಅವನು ಕಟ್ಟೆಯ ಮೇಲೆ ಇದ್ದ ಹಾಲಿನ ಪಾತ್ರೆಯನ್ನು ನೋಡಿದ. ಮಾವಶಿಯನ್ನು ನೋಡಿದ. ಬರೀ ನೀರು ಕುಡಿದು ಕೆಲಸಕ್ಕೆ ಹೊರಟ. ಹಾಲು ಎದುರಿಗೇ ಇದ್ದರೂ ಕೊಡುವುದಿಲ್ಲ ಎನ್ನುವ ಈ ಮನೆಯ ನಿಯಮ ಯಾವುದು ಎಂದು ದಾರಿಯುದ್ದಕ್ಕೂ ನನ್ನನ್ನು ಕೇಳಿದ. ಕೆಲಸದ ಜಾಗದಲ್ಲಿ ಇನ್ನೊಂದು ಪಜೀತಿ. ಕೆಲಸಗಾರರನ್ನು ಏನಾದರೂ ಕೇಳಬೇಕಾದರೆ "ಹೇಳ್ರಿ" ಎನ್ನಲು ಹೋಗಿ "ಏಳ್ರಿ" ಎನ್ನುತ್ತಿದ್ದ. ಬುತ್ತಿ ಬಿಚ್ಚಿ ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು. ಅವರು ಎದ್ದು ನಿಂತದ್ದು ಗೌರವಕ್ಕೆ ಎಂದು ತಿಳಿದು ಅವನು ನಾಚಿಕೊಂಡು ಇನ್ನೂ ಜೋರಾಗಿ, "ಏಳ್ರಿ, ಏಳ್ರಿ" ಎನ್ನುತ್ತಿದ್ದ.

ಗಟ್ಟಿಮುಟ್ಟಾದ ಆಳು. ಆದರೆ ಅಲುಗಾಡುವ ಯಾವ ವಾಹನವೂ ಅವನಿಗೆ ಆಗಿಬರುತ್ತಿರಲಿಲ್ಲ. ಸಾಂಗ್ಲಿಯಿಂದ ಮಿರಜಿಗೆ ಶೇರ್ ಆಟೋದಲ್ಲಿ ಬಂದರೆ ನಡುವೆ ಒಮ್ಮೆ ಇಳಿದು ವಾಂತಿ ಮಾಡಿ ಮತ್ತೆ ಹತ್ತಬೇಕು. ನನ್ನ ಸ್ಕೂಟರಿನ ಹಿಂದೆ ಲಿಂಬೆಹಣ್ಣು ಮೂಸುತ್ತಾ ಕೂತಿರುತ್ತಿದ್ದ. ಅಂಥವನು ಒಂದು ಸಂಜೆ ಮ್ಹೈಸಾಳದ ನದಿ ದಂಡೆಯಲ್ಲಿ ಕೂತು, "ನಾನು ಅಂತರಿಕ್ಷಯಾನಿಯಾಗಲು ಅರ್ಜಿ ಹಾಕಿದ್ದೇನೆ" ಎಂದಾಗ ನಾನು ನಗಲಿಲ್ಲ. ನಗಲು ಆಗಲೇ ಇಲ್ಲ. ಮುಂದಿನ ಪರೀಕ್ಷೆಗೆ ಕರೆದಿದ್ದಾರೆ ಎಂದ. ಚಿಕ್ಕಂದಿನಿಂದ ಇದ್ದ ಆಸೆ, ಯಾರಿಗೂ ಹೇಳಬೇಡ ಎಂದ. ಅಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿ ಗರಗರ ತಿರುಗಿಸುತ್ತಾರಂತೆ. ಅವನಿಗೆ ಭಯ ಇದ್ದದ್ದು ರಾಕೆಟ್ಟಿನದಲ್ಲ, ಆ ಕುರ್ಚಿಯದು.

ತಿರುಗುವ ಕುರ್ಚಿ ನಮ್ಮ ಗಲ್ಲಿಯಲ್ಲಿ ಒಂದೇ ಇತ್ತು. ಬಾಬುವಿನದು.

ಬಾಬುವಿಗೆ ನಿಜ ಹೇಳಲಿಲ್ಲ. ಪಾವಣ್ಯಾಗೆ ತಲೆ ತಿರುಗುವ ರೋಗ ಇದೆ, ತಿರುಗಿಸಿದರೆ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ ಎಂದೆ. ಮಿರಜಿನಲ್ಲಿ ಡಾಕ್ಟರರು ಏನು ಹೇಳಿದರೂ ಜನ ನಂಬುತ್ತಾರೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಾಬು ಅವನನ್ನು ಕೂರಿಸಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಹಿಂದೆ ನಿಂತು ತಿರುಗಿಸತೊಡಗಿದ. ಬಟ್ಟೆ ಯಾಕೆ ಎಂದರೆ, ಅದಿಲ್ಲದೆ ಕುರ್ಚಿ ಮುಟ್ಟಿ ರೂಢಿ ಇಲ್ಲ ಎಂದ. ಮೊದಲ ದಿನ ಪಾವಣ್ಯಾ ಕುರ್ಚಿಯಿಂದ ಇಳಿದು, "ನಾ ಆರಾಮ ಅದೇನಿ" ಎಂದು ನನ್ನ ಕಡೆ ಬರಲು ಹೊರಟು, ಪಕ್ಕದ ಅಂಗಡಿಯೊಳಗೆ ಹೋಗಿ ಬಿದ್ದ. ಅದು ಸಿತಾರ್ ಮಾಡುವವರ ಅಂಗಡಿ. ಸಿತಾರಿಗೆಂದು ಒಣಗಿಸಿದ್ದ ಸೋರೆ ಬುರುಡೆಗಳ ರಾಶಿಯ ನಡುವೆ ಕೈಕಾಲು ಚಾಚಿ ಮಲಗಿದ್ದ. ಅಂಗಡಿಯ ಮುದುಕರು ಒಂದೊಂದೇ ಬುರುಡೆಯನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು, ಯಾವುದೂ ಒಡೆದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಕೊನೆಗೆ ಅದೇ ಬೆರಳಿನಿಂದ ಅವನ ತಲೆಯನ್ನೂ ಬಡಿದು ನೋಡಿ, "ಠೀಕ್ ಹೈ" ಎಂದರು.

ಆದರೆ ಅವನು ಬಿಡುವ ಪೈಕಿ ಅಲ್ಲ. ದಿನಾ ಹೋದ. ಗಲ್ಲಿಯ ಜನ ಊಟ ಮುಗಿಸಿ ನೋಡಲು ಬರತೊಡಗಿದರು. ನಿಧಾನಕ್ಕೆ ವಾಂತಿ ನಿಂತಿತು, ಕಣ್ಣು ಸ್ಥಿರವಾಯಿತು. ಕಡೆ ಕಡೆಗೆ ಅವನು ತಿರುಗುತ್ತಿರುವಾಗಲೇ ಮರಾಠಿ ಪೇಪರಿನ ತಲೆಬರಹ ಓದಿ ಹೇಳುತ್ತಿದ್ದ. ತಿರುಗಿಸುವ ಬಾಬುವಿಗೇ ತಲೆ ಸುತ್ತು ಬರುತ್ತಿತ್ತು.

ಪರೀಕ್ಷೆಗೆಂದು ಅವನು ಊರಿಗೆ ಹೋದ. ಮಾವಶಿಗೆ ಏನೋ ತಪಾಸಣೆಗೆ ಹೋಗಿದ್ದಾನೆ ಎಂದಷ್ಟೇ ಗೊತ್ತಿತ್ತು. ಅವನು ತಿರುಗಿ ಬಂದ ದಿನ ನಾನು ಕೆಲಸದ ಮೇಲೆ ಕೊಲ್ಹಾಪುರದಲ್ಲಿದ್ದೆ. ಮಾವಶಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಮುಂದಿನದನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಎಷ್ಟು ಸಲ ಹೇಳಿದ್ದಾರೆ ಎಂದರೆ ನಾನೇ ಅಲ್ಲಿದ್ದೆ ಎನ್ನಿಸುತ್ತದೆ.

"ಮಾವಶಿ, ಎಲ್ಲಾ ತಪಾಸ ಆತು," ಎಂದ ಅವನು ನಗುತ್ತಾ. "ಎದಿ ನೋಡಿದ್ರು, ರಕ್ತ ನೋಡಿದ್ರು, ತಲಿ ನೋಡಿದ್ರು. ನಾ ಮ್ಯಾಲ ಓಗಾಂವ ಅದೇನಿ."

"ಏನಂದಿ?"

"ಮ್ಯಾಲ. ಡಾಕ್ಟರ ಪಕ್ಕಾ ಅಂದ್ರು."

ಮಾವಶಿಯ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. "ಯಾವಾಗಂತ?"

"ನಾಕ ವರ್ಷ ಆಗಬೋದು, ಐದ ಆಗಬೋದು. ಮುಂದ ಬಾಳ ಮಂದಿ ಅದಾರ. ನನ್ನ ಪಾಳಿ ಬರಬೇಕಲ್ಲ."

"ನಿಮ್ಮ ಅವ್ವಗ ಹೇಳಿಯೇನ?"

"ಏಳೇನಿ. ಅವ್ವ ಅತ್ತಳು. ಅಪ್ಪಗ ಮಾತ್ರ ಬಾಳ ಕುಶಿ ಆತು."

ಎಂಥ ಅಪ್ಪನೋ ಎಂದು ಮಾವಶಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ದೊಡ್ಡ ಮಾತನ್ನು ಹುಡುಗ ನಗುನಗುತ್ತಾ ಹೇಳುತ್ತಿದ್ದಾನೆ, ತಾನು ಅಳಬಾರದು ಎಂದು ಒಳಗೆ ಹೋಗಿ ಅತ್ತಳು. ಸಂಜೆಯೊಳಗೆ ಗಲ್ಲಿಗೆಲ್ಲ ಗೊತ್ತಾಯಿತು.

ಮರುದಿನ ನಾನು ಬಂದಾಗ ಮನೆಯ ಮುಂದೆ ಚಪ್ಪಲಿಗಳ ರಾಶಿ. ಪಡಸಾಲೆಯ ತುಂಬ ಜನ, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ನಡುವೆ ಜಮಖಾನೆಯ ಮೇಲೆ ಪಾವಣ್ಯಾ ಕೂತು ಭಡಂಗ ತಿನ್ನುತ್ತಿದ್ದ. ಸಾಂಗ್ಲಿಯ ಖಾರದ ಚುರುಮುರಿ ಎಂದರೆ ಅವನಿಗೆ ಜೀವ. ಏನಾದರೂ ಆಸೆ ಇದೆಯೇ ಎಂದು ಕೇಳಿದವರಿಗೆಲ್ಲ ಅವನು ಭಡಂಗ ಎಂದಿದ್ದ, ಬಂದವರೆಲ್ಲ ಒಂದೊಂದು ಪುಡಿಕೆ ತಂದಿದ್ದರು. ಬಾಬು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ತಾನು ತಿರುಗಿಸಿದ್ದೇ ಹೆಚ್ಚಾಯಿತೇನೋ ಎಂಬ ಚಿಂತೆ ಅವನಿಗೆ.

ಪಾವಣ್ಯಾ ನನ್ನನ್ನು ಕಂಡು ಎದ್ದು ಬಂದ. "ಅಜಿತ, ನಿಮ್ಮ ಮಂದಿ ಎಷ್ಟ ಚಲೋ. ನಾ ಆಯ್ಕೆ ಆದೆ ಅಂತ ಎಲ್ಲಾರೂ ಬಂದಾರ. ಆದ್ರ ಯಾಕ ಅಳತಾರ?"

ನಾನು ಜನರಿಗೆ ವಿಷಯ ಬಿಡಿಸಿ ಹೇಳಿದೆ. ಇವನು ಸಾಯುತ್ತಿಲ್ಲ, ರಾಕೆಟ್ಟಿನಲ್ಲಿ ಕೂತು ಆಕಾಶಕ್ಕೆ ಹೋಗುತ್ತಾನೆ ಎಂದೆ. ಆಮೇಲೆ ಅವನಿಗೆ ಅವನ ವಾಕ್ಯದ ಅರ್ಥ ಹೇಳಿದೆ. ಅವನು ಭಡಂಗದ ಪುಡಿಕೆಗಳನ್ನು ನೋಡಿದ, ಜನರನ್ನು ನೋಡಿದ, ಕೆಂಪಗಾದ. ಮೊದಲು ನಕ್ಕವಳು ಮಾವಶಿ. ಆದರೆ ಜನ ಹೋದ ಮೇಲೆ ಅವಳು ನಗು ನಿಲ್ಲಿಸಿ ನನ್ನನ್ನು ಕೇಳಿದಳು, "ರಾಕೆಟ್ಟಿನಾಗ ಕುಂತ ಹೋಗೂದಂದ್ರ ಅದೇನ ಬ್ಯಾರೇ ಆತೇನ ಅಜ್ಯಾ? ಅದೂ ಸುಡತೈತಿ ಅಂತಾರಲ್ಲ."

ಅವನು ಹೋದ. ತರಬೇತಿ ಎಂದು ಯಾವ ಯಾವುದೋ ದೇಶದಿಂದ ಫೋನು ಬರುತ್ತಿತ್ತು. ವರ್ಷಗಳು ಕಳೆದವು, ನನಗೆ ಮದುವೆಯಾಯಿತು. ಕೊನೆಗೆ ಅವನ ಪಾಳಿ ಬಂತು. ರಾಕೆಟ್ಟು ಏರುವುದನ್ನು ನಾವು ಟಿವಿಯಲ್ಲಿ ನೋಡಿದೆವು. ಬೆಂಕಿ ಕಂಡ ಕೂಡಲೇ ಮಾವಶಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದಳು. ಅದು ಕಾಣದಷ್ಟು ಮೇಲೆ ಹೋದ ಮೇಲೆ ಕಣ್ಣು ತೆರೆದು, "ಅಂವಾ ಕೆಳಗ ಇಳಿಯೂತನಕ ನಾ ಚಾ ಮುಟ್ಟಂಗಿಲ್ಲ" ಎಂದು ನೇಮ ಹಿಡಿದಳು.

ಮಾವಶಿಗೆ ಚಹಾ ಎಂದರೆ ಏನು ಎಂದು ಮನೆಯವರಿಗೆ ಗೊತ್ತು. ನಾಲ್ಕನೆಯ ದಿನಕ್ಕೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಳು. ಹಾಲಿನವನನ್ನು ಬೈದಳು, ನನ್ನ ಹೆಂಡತಿಯನ್ನು ಬೈದಳು, ಫ್ರಾನ್ಸ್ ದೇಶವನ್ನು ಬೈದಳು.

ಅಂತರಿಕ್ಷದಿಂದ ಫೋನು ಮಾಡುತ್ತೇನೆ ಎಂದು ಅವನು ಮೊದಲೇ ಹೇಳಿದ್ದ. ಬಂದದ್ದು ನಾನು ಮನೆಯಲ್ಲಿ ಇಲ್ಲದಾಗ. ಗೊತ್ತಿಲ್ಲದ ಉದ್ದನೆಯ ನಂಬರು. ಮಾವಶಿ ಎತ್ತಿ ಹಲೋ ಎಂದರೆ ಆ ಕಡೆಯಿಂದ ಮಾತಿಲ್ಲ. ಅಷ್ಟು ಮೇಲಿಂದ ದನಿ ಸುತ್ತಿ ಬಳಸಿ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಆಮೇಲೆ ಯಾರೋ, "ಅಲೋ, ಮಾವಶಿ, ಎಂಗ ಅದೀರಿ" ಎಂದರು. "ನಿಮ್ಮಂಥಾವ್ರನ ಭಾಳ ನೋಡೇನಿ, ಓಟಿಪಿ ಕೊಡಂಗಿಲ್ಲ" ಎಂದು ಮಾವಶಿ ಫೋನು ಇಟ್ಟಳು. ಮೂರು ಸಲ ಹೀಗಾಯಿತು. ಸಂಜೆ ನನಗೆ ಅವನಿಂದ ಇಮೇಲ್ ಬಂತು. ಮಾವಶಿಗೆ ತನ್ನ ಮೇಲೆ ಸಿಟ್ಟೇ ಎಂದು ಕೇಳಿದ್ದ.

ಮುಂದಿನ ಸಲ ನಾನು ಪಕ್ಕದಲ್ಲೇ ಕೂತಿದ್ದೆ. ಮಾವಶಿ ಕೇಳಿದ ಮೊದಲ ಪ್ರಶ್ನೆ, "ಹೊತ್ತ ಮುಣಗೂದರಾಗ ಊಟ ಮಾಡತೀಯೋ ಇಲ್ಲೋ?" ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಮಾಳಿಗೆಯಲ್ಲಿ ಇದ್ದಷ್ಟು ದಿನ ಅವನೂ ಮುಟ್ಟಿರಲಿಲ್ಲ.

"ಮಾವಶಿ, ಇಲ್ಲಿ ಒಂದೂವರಿ ತಾಸಿಗೊಮ್ಮೆ ಒತ್ತ ಮುಣಗತೈತಿ."

"ಅಯ್ಯ. ಹಂಗಾರ ಯಾವಾಗ ಉಣತೀ?"

"ಲಗೂ ಲಗೂ."

ಮಾವಶಿಗೆ ಇದು ಚಿಂತೆಗೆ ಹತ್ತಿತು. ಬಸದಿಯ ಪಂಡಿತರನ್ನು ಹೋಗಿ ಕೇಳಿದಳು. ಅವರು ವಿಚಾರ ಮಾಡಲು ಎರಡು ದಿನ ಕೇಳಿದರು. ಮೂರನೆಯ ದಿನ, ಮನುಷ್ಯ ಯಾವ ಮನೆಯ ಊಟದ ರೂಢಿ ಹಿಡಿದು ಹೋಗಿದ್ದಾನೋ ಆ ಊರಿನ ಸೂರ್ಯನೇ ಅವನಿಗೆ ಲೆಕ್ಕ ಎಂದರು. ಅಂದಿನಿಂದ ಮಿರಜಿನಲ್ಲಿ ಹೊತ್ತು ಮುಳುಗುವ ವೇಳೆಯನ್ನು ನಾನು ದಿನಾ ಅಂತರಿಕ್ಷಕ್ಕೆ ಇಮೇಲ್ ಮಾಡಬೇಕಾಯಿತು. ಅವನು ಪಾಲಿಸಿದ. ಅವನ ಜೊತೆಗಿದ್ದವರು ಊಟಕ್ಕೆ ಕರೆದರೆ, ಮಿರಜಿನಲ್ಲಿ ಕತ್ತಲಾಗಿದೆ ಎನ್ನುತ್ತಿದ್ದನಂತೆ.

ಇಳಿಯುವ ದಿನ ಬಂತು, ಮುಂದಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಫೋನಿನಲ್ಲಿ ಮಾವಶಿಯ ದನಿ ಬಿಗಿಯಾಯಿತು. "ಯಾವಾಗ ಇಳೀತಿ?"

"ಕೆಳಗ ಅವಾ ಚಲೋ ಇಲ್ಲ ಮಾವಶಿ. ಸಮುದ್ರದಾಗ ಗಾಳಿ ಬಾಳ ಐತಿ."

"ಇಲ್ಲಿ ಹವಾ ಛಲೋ ಐತಿ. ಇಲ್ಲೇ ಇಳಿ."

ಚಹಾದ ವಿಷಯ ಅವನಿಗೆ ಗೊತ್ತಿರಲಿಲ್ಲ. ನಾನೇ ತಡೆಯಲಾರದೆ ತಿಳಿಸಿದೆ. ಮೂರನೆಯ ದಿನ ಒಂದು ಸಾಲು ಬಂತು: ನಾನೂ ಕಾಫಿ ಬಿಟ್ಟಿದ್ದೇನೆ, ಇಲ್ಲಿ ಎಲ್ಲರೂ ನನ್ನಿಂದ ದೂರ ತೇಲುತ್ತಿದ್ದಾರೆ.

ಅವನು ಇಳಿದದ್ದನ್ನು ನನ್ನ ಮೊಬೈಲಿನಲ್ಲಿ ನೋಡಿದೆವು. ಕೊಡೆಯಂಥ ದೊಡ್ಡ ಬಟ್ಟೆಗಳು ಬಿಚ್ಚಿಕೊಂಡವು, ಸಮುದ್ರದಲ್ಲಿ ಏನೋ ಬಿತ್ತು. ಬಹಳ ಹೊತ್ತಿನ ಮೇಲೆ ಅವನನ್ನು ಎತ್ತಿ ಹೊರಗೆ ತಂದರು. ಕಾಲ ಮೇಲೆ ನಿಲ್ಲಲು ಆಗುತ್ತಿರಲಿಲ್ಲ. ಮುಖ ಊದಿತ್ತು. ಮಾವಶಿ ಮೊಬೈಲನ್ನು ಕಸಿದು ಕಣ್ಣಿಗೆ ಹತ್ತಿರ ಹಿಡಿದಳು. ಅವನು ಕೈ ಎತ್ತಿ ಬೀಸಿದ. ಆಗ ಅವಳು ಎದ್ದು ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಚಹಾಕ್ಕೆ ಇಟ್ಟಳು. ಸಕ್ಕರೆ ಹಾಕಿದಳು, ಶುಂಠಿಪುಡಿ ಹಾಕಿದಳು, ಸೋಸಿದಳು. ಕಪ್ಪು ಬಾಯಿಗೆ ಹಿಡಿದವಳು ಕಿಟಕಿಯ ಆಚೆ ನೋಡಿದಳು. ಸೂರ್ಯ ಆಗಲೇ ಮುಳುಗಿದ್ದ. ಕಪ್ಪನ್ನು ನನ್ನ ಕೈಗೆ ಕೊಟ್ಟು, "ನೀ ಕುಡಿ" ಎಂದು ಹೊರಗೆ ಹೋಗಿ ಕೂತಳು. ಬೆಳಿಗ್ಗೆ ಅವಳು ಎಷ್ಟು ಕಪ್ಪು ಕುಡಿದಳು ಎಂದು ಯಾರೂ ಎಣಿಸಲಿಲ್ಲ.

ಕೆಲವು ತಿಂಗಳ ಮೇಲೆ ಅವನು ಮಿರಜಿಗೆ ಬಂದ. ಮಾವಶಿ ಕೊಟ್ಟ ಹಾಲಿನ ಲೋಟವನ್ನು ಅರ್ಧ ಕುಡಿದು ಮಾತಿನ ಭರದಲ್ಲಿ ಗಾಳಿಯಲ್ಲಿ ಬಿಟ್ಟ. ಅದು ನೆಲಕ್ಕೆ ಬಿತ್ತು. ಅಲ್ಲಿ ಬಿಟ್ಟರೆ ಬೀಳುವುದಿಲ್ಲ, ರೂಢಿ ಆಗಿಬಿಟ್ಟಿದೆ ಎಂದ. "ಇಲ್ಲಿ ಬೀಳತಾವ. ಇಲ್ಲಿ ಇರೂತನಕ ಹಿಡಕೊಂಡ ಇರು," ಎಂದು ಮಾವಶಿ ನೆಲ ಒರೆಸಿದಳು.

ಸಾಂಗ್ಲಿಯಲ್ಲಿ ಸತ್ಕಾರ ಇಟ್ಟುಕೊಂಡಿದ್ದರು. ಶಾಲು, ತಲೆಗೆ ಫೇಟಾ, ಅರಿಸಿನದ ಪೊಟ್ಟಣ, ತೆರೆದ ಜೀಪಿನಲ್ಲಿ ಮೆರವಣಿಗೆ. ಜೀಪು ಎರಡು ತಿರುವು ತಿರುಗುವಷ್ಟರಲ್ಲಿ ಅವನು ನನ್ನ ಕೈ ಹಿಡಿದ. ಇಳಿಸಿದೆ. ತನ್ನದೇ ದೊಡ್ಡ ಫೋಟೋ ಇದ್ದ ಬ್ಯಾನರಿನ ಹಿಂದೆ ಹೋಗಿ ವಾಂತಿ ಮಾಡಿ, ಫೇಟಾ ಸರಿಮಾಡಿಕೊಂಡು ಬಂದ. ಸಭೆಯಲ್ಲಿ ಅಧ್ಯಕ್ಷರು ಇವನನ್ನು ಚಂದ್ರನ ಮೇಲೆ ಕಾಲಿಟ್ಟ ವೀರ ಎಂದರು. ಸುಳ್ಳನ್ನು ಅವನು ಸಹಿಸಲಾರ. ಎದ್ದು ನಿಂತು, ತಾನು ಚಂದ್ರನಿಗೆ ಹೋಗಿಲ್ಲ, ತಾನಿದ್ದದ್ದು ಅಷ್ಟು ದೂರವಲ್ಲ, ಹೆಚ್ಚು ಕಡಿಮೆ ಸಾಂಗ್ಲಿಯಿಂದ ಮುಂಬಯಿ ಇದ್ದಷ್ಟೇ ಎಂದು ವಿವರಿಸಿದ. ಜನರ ಮುಖ ಇಳಿದುಹೋಯಿತು. ಹಿಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರಿಗೆ, "ಬಸ್ಸಿನ್ಯಾಗ ಮಲಗಿದ್ರ ಮುಂಜಾನಿ ಮುಟ್ಟತೀವಿ" ಎಂದದ್ದು ವೇದಿಕೆಯವರೆಗೂ ಕೇಳಿಸಿತು. ಅಧ್ಯಕ್ಷರು ಬೇಗ ಬೇಗ ಆಭಾರ ಹೇಳಿ ಪೋಹೆ ಹಂಚಿಸಿದರು.

ಹೊರಡುವ ದಿನ ಅವನು ಮ್ಹೈಸಾಳಕ್ಕೆ ಹೋಗೋಣ ಎಂದ. ಕಾಲುವೆಯ ಏರಿಯ ಮೇಲೆ ನಿಂತು ನೀರು ನೋಡುತ್ತಿದ್ದೆವು. ಅವನು ಕೂರಿಸಿದ ಪಂಪು ಓಡುತ್ತಿತ್ತು. ಅದರ ಸದ್ದಿಗೆ ಕಿವಿಗೊಟ್ಟು ನಿಂತಿದ್ದ. ಪಕ್ಕದ ಕಬ್ಬಿನಿಂದ ಒಬ್ಬ ಮುದುಕ ರೈತರು ಹೊರಗೆ ಬಂದರು. ಪೈಪು ಹಾಕುವ ಕಾಲದಲ್ಲಿ ಇವನನ್ನು ದಿನಾ ನೋಡಿದವರು. ಟಿವಿ ಪೇಪರಿನ ಗೊಡವೆ ಅವರಿಗಿಲ್ಲ. ಗುರುತು ಹಿಡಿದು ಹತ್ತಿರ ಬಂದರು.

"ಪಂಪಿನ ಸಾಹೇಬ್ರ ಅಲ್ಲೇನ್ರಿ? ಭಾಳ ದಿನಾ ಆತು. ಎಲ್ಲಿ ಇದ್ರಿ?"

ಅವನು ಉತ್ತರ ಹುಡುಕಿದ. ಹೊಗಳಿಸಿಕೊಳ್ಳುವ ಆಸೆ ಇರಲಿಲ್ಲ, ಸುಳ್ಳು ಹೇಳುವ ಮನಸ್ಸೂ ಇರಲಿಲ್ಲ. ಕೈ ಎತ್ತಿ, ಪೂರ್ವದ ದಿಕ್ಕಿನಲ್ಲಿ ಆಕಾಶದ ಕಡೆ ಬೆರಳು ತೋರಿಸಿದ. ರೈತರು ಆ ಬೆರಳಿನ ದಾರಿ ಹಿಡಿದು ದೂರ ನೋಡಿದರು.

"ಜತ್ತ ಕಡೀಗೇನ?"

"ಅದಕ್ಕಿಂತ ಸೊಲ್ಪ ಆಚೀಕ್ರಿ ಕಾಕಾ."

"ಅಲ್ಲಿಗೆ ನೀರ ಮುಟ್ಟೇತೇನ್ರಿ?"

ಅವನು ನನ್ನ ಮುಖ ನೋಡಿದ. ಆಮೇಲೆ ಪ್ರಾಮಾಣಿಕವಾಗಿ ಹೇಳಿದ, "ಇಲ್ರಿ. ಅಲ್ಲಿ ಒಂದ ಅನೀ ಇಲ್ಲ."

ರೈತರು ಸಲಿಕೆಯನ್ನು ನೆಲಕ್ಕೆ ಊರಿ, ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಮತ್ತ ನೀವು ಇಲ್ಲೇನ ಮಾಡಾಕತ್ತೀರಿ?"